ವಿಮೆ ಮಾರಾಟದ ಸರಪಳಿ: ಒಂದು ಪಾಲಿಸಿಯ ಕಮಿಷನ್ ಯಾರ ಯಾರ ಜೇಬಿಗೆ?

‘ಹಣಕಾಸು ಸಲಹೆಗಾರರಾಗಿ, ನಿಮ್ಮದೇ ತಂಡ ಕಟ್ಟಿ’ ಎಂಬ ಆಹ್ವಾನ ಬಂದರೆ, ಕಾರು–ಪ್ರವಾಸಗಳ ಫೋಟೊಗಳನ್ನು ಬದಿಗಿಟ್ಟು ಒಂದೇ ಒಂದು ಪಾಲಿಸಿಯ ಹಣ ಎಲ್ಲೆಲ್ಲಿಗೆ ಹರಿಯುತ್ತದೆಂದು ನೋಡಿ. ವ್ಯವಹಾರದ ಒಳಗುಟ್ಟು ಅಲ್ಲೇ ಇದೆ. ಬಹುಹಂತದ ಮಾರಾಟ, ಅಂದರೆ ಮಾರಿದವರ ಜೊತೆ ಅವರನ್ನು ಸೇರಿಸಿದವರಿಗೂ ಪಾಲು ಹೋಗುವ ವ್ಯವಸ್ಥೆ, ಸೋಪು, ಪೌಷ್ಟಿಕ ಪುಡಿಗಳಿಗಷ್ಟೇ ಸೀಮಿತವಲ್ಲ. ಅಮೆರಿಕ, ಕೆನಡಾಗಳಲ್ಲಿ ಜೀವವಿಮೆಯನ್ನೂ ಹೀಗೆ ದಶಕಗಳಿಂದ ಮಾರುತ್ತಿದ್ದಾರೆ. ಇಂದಿನ ಪ್ರೈಮೆರಿಕಾ ಕಂಪನಿಯ ಬೇರು 1977ರಲ್ಲಿ ಆರ್ಟ್ ವಿಲಿಯಮ್ಸ್ ಕಟ್ಟಿದ ಮಾರಾಟ ಸಂಸ್ಥೆಯಲ್ಲಿದೆ.

ಹಂತ 1: ಹೆಸರುಗಳ ಪಟ್ಟಿ. ಸೇರಿದ ಕೂಡಲೇ ಪರಿಚಿತರ ಪಟ್ಟಿ ಬರೆಸುತ್ತಾರೆ. ವಿಮೆ ಮಾರಲು ಪರವಾನಗಿ ಬೇಕು, ಹೊಸಬರ ಬಳಿ ಅದು ಇರುವುದಿಲ್ಲ. ಹಾಗಾಗಿ ನಿಮ್ಮನ್ನು ಸೇರಿಸಿದ ಮೇಲಿನವರು ‘ತರಬೇತಿ’ಯ ಹೆಸರಿನಲ್ಲಿ ಜೊತೆಗೆ ಬಂದು ನಿಮ್ಮ ಅಣ್ಣ, ಅತ್ತೆ, ಸಹೋದ್ಯೋಗಿಗಳಿಗೆ ತಾವೇ ಮಾರುತ್ತಾರೆ. ಈ ಮೊದಲ ಪಾಲಿಸಿಗಳ ಕಮಿಷನ್ ಸಾಮಾನ್ಯವಾಗಿ ಅವರದ್ದೇ. ಮಾರಾಟಕ್ಕೆ ಅತಿ ಸುಲಭವಾದ ಗಿರಾಕಿಗಳು, ನಿಮ್ಮ ಮೇಲಿನ ವಿಶ್ವಾಸಕ್ಕೇ ಸಹಿ ಹಾಕುವವರು, ನಿಮಗೆ ಗಳಿಕೆ ಶುರುವಾಗುವ ಮುನ್ನವೇ ಮುಗಿದಿರುತ್ತಾರೆ.

ಹಂತ 2: ಹಂಚಿಕೆ. ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ವರ್ಷದ ಪ್ರೀಮಿಯಂ ಒಟ್ಟು 1,000, ಕಟ್ಟುವುದು 12 ಕಂತುಗಳಲ್ಲಿ. ವಿಮಾ ಕಂಪನಿ ಮೊದಲ ವರ್ಷ ಅಷ್ಟನ್ನೂ ಕಮಿಷನ್ನಾಗಿ ಸರಪಳಿಗೆ ಕೊಡುತ್ತದೆ ಎನ್ನೋಣ. ಹೊಸಬರ ದರ ಶೇ 30, ಅವರ ಮೇಲಿನವರದು 45, ಅದರ ಮೇಲೆ 60, ಆಮೇಲೆ 80. ಮೇಲಿನವರಿಗೆ ಸಿಗುವುದು ಎರಡು ದರಗಳ ನಡುವಿನ ವ್ಯತ್ಯಾಸ. ಇದನ್ನೇ ಓವರ್‌ರೈಡ್ ಎನ್ನುತ್ತಾರೆ. ಮಾರಿದವರಿಗೆ 300, ನಂತರದವರಿಗೆ 150, 150, 200. ಉಳಿದ 200 ಜಾಲದ ಕೇಂದ್ರ ಕಚೇರಿಗೆ. ಗಿರಾಕಿಯ ಮುಖವನ್ನೇ ನೋಡದ ಮೂವರು ಸೇರಿ ಮಾರಿದವರಿಗಿಂತ ಹೆಚ್ಚು ಪಡೆಯುತ್ತಾರೆ.

ಕೆಳಗಿನವರು ಬಡ್ತಿ ಪಡೆದು ಮೇಲಿನವರ ದರಕ್ಕೇ ಬಂದರೆ ವ್ಯತ್ಯಾಸ ಸೊನ್ನೆ. ಆಗ ಹೆಚ್ಚೆಂದರೆ ‘ತಲೆಮಾರು’ ಬೋನಸ್ ಎಂಬ ಸಣ್ಣ ಪಾಲು ಉಳಿಯುತ್ತದೆ. ಮುಂದಾಳುಗಳು ಹೊಸಬರನ್ನು ಕರೆತರುವುದನ್ನು ನಿಲ್ಲಿಸಲಾರದ ಮುಖ್ಯ ಕಾರಣ ಇದೇ: ಶೇ 30ರವರು ಕೆಳಗಿದ್ದಾಗಲೇ ಮೇಲಿನವರ ಪಾಲು ದಪ್ಪ.

ಹಂತ 3: ಮುಂಗಡ, ಆಮೇಲೆ ವಾಪಸಿ. ಹೆಚ್ಚಿನವರು ಪೆಟ್ಟು ತಿನ್ನುವುದು ಇಲ್ಲಿ. ಗಿರಾಕಿ ತಿಂಗಳ ಕಂತು ಕಟ್ಟುತ್ತಿದ್ದರೂ ಕಮಿಷನ್ನಿನ ದೊಡ್ಡ ಭಾಗ ಮೊದಲೇ ಕೈಸೇರುತ್ತದೆ. ಒಂಬತ್ತು ತಿಂಗಳ ಮುಂಗಡವೆಂದರೆ ನಮ್ಮ ಉದಾಹರಣೆಯ 300ರಲ್ಲಿ 225 ತಕ್ಷಣ ಬರುತ್ತದೆ. ಗಿರಾಕಿ ಮೂರೇ ಕಂತು ಕಟ್ಟಿ ನಿಲ್ಲಿಸಿದರೆ? ನೀವು ನಿಜವಾಗಿ ಗಳಿಸಿದ್ದು ತಿಂಗಳಿಗೆ 25ರಂತೆ 75. ಮಿಕ್ಕ 150 ನಿಮ್ಮ ಸಾಲ. ಮುಂದಿನ ಕಮಿಷನ್ನಿನಿಂದ ಮುರಿದುಕೊಳ್ಳುತ್ತಾರೆ. ಮೇಲಿನವರೂ ತಮ್ಮ ಓವರ್‌ರೈಡ್‌ನ ಪಾಲನ್ನು ಹಿಂದಿರುಗಿಸಬೇಕು. ಎಷ್ಟೋ ಒಪ್ಪಂದಗಳಲ್ಲಿ, ಮಾರಿದವರು ಬಿಟ್ಟುಹೋದರೆ ಆ ಸಾಲವೂ ಮೇಲಿನವರ ಹೆಗಲೇರುತ್ತದೆ. ಆದ್ದರಿಂದ ಬಂದ ಮುಂಗಡವನ್ನು ಸಂಬಳದಂತೆ ಖರ್ಚು ಮಾಡಬೇಡಿ, ವಾಪಸಿಯ ಅವಧಿ ಮುಗಿಯುವವರೆಗೆ ಒಂದು ಪಾಲು ಮುಟ್ಟದೆ ಇಡಿ.

ಪಾಲಿಸಿಗಳು ಅಷ್ಟು ಬೇಗ ಲ್ಯಾಪ್ಸ್ ಆಗುವುದೇಕೆ, ಅಂದರೆ ಕಂತು ನಿಂತು ರದ್ದಾಗುವುದೇಕೆ? ಬಡ್ತಿಗೆ ನಿಗದಿತ ಅವಧಿಯೊಳಗೆ ಮಾರಾಟದಿಂದ ಇಷ್ಟು ಪಾಯಿಂಟ್, ಪರವಾನಗಿ ಪಡೆದ ಇಷ್ಟು ಹೊಸಬರು ಎಂಬ ಷರತ್ತಿರುತ್ತದೆ. ತಿಂಗಳ ಕೊನೆಯಲ್ಲಿ ಪಾಯಿಂಟ್ ಕಡಿಮೆ ಬಿದ್ದಾಗ ಜನ ತಮಗೋ ತಮ್ಮ ಮನೆಯವರಿಗೋ ಅಗತ್ಯವಿಲ್ಲದ ಪಾಲಿಸಿ ಬರೆಸುತ್ತಾರೆ. ನಾಲ್ಕು ತಿಂಗಳಲ್ಲಿ ಕಂತು ಭಾರವಾಗುತ್ತದೆ, ಬಡ್ತಿಯ ಬೆನ್ನಿಗೇ ವಾಪಸಿಯ ಪಟ್ಟಿ ಬರುತ್ತದೆ.

ಹಂತ 4: ಯಾವ ಪಾಲಿಸಿ ಮಾರುತ್ತಾರೆ ನೋಡಿ. ಕಮಿಷನ್ ಪ್ರೀಮಿಯಂ ಮೇಲೆ ನಿಂತಿದೆ. ಅಷ್ಟೇ ಮೊತ್ತದ ರಕ್ಷಣೆಗೆ ಉಳಿತಾಯ ಬೆರೆತ ಜೀವಾವಧಿ ವಿಮೆಯ ಕಂತು ಟರ್ಮ್ ವಿಮೆಯದಕ್ಕಿಂತ (ನಿಗದಿತ ವರ್ಷಗಳಿಗೆ ರಕ್ಷಣೆ ಮಾತ್ರ ಕೊಡುವಂಥದ್ದು) ಹಲವು ಪಟ್ಟು ದೊಡ್ಡದು. ಎಲ್ಲ ಜಾಲಗಳೂ ದುಬಾರಿ ಪಾಲಿಸಿಯನ್ನೇ ತಳ್ಳುತ್ತವೆ ಎಂದಲ್ಲ, ಕೆಲವು ಟರ್ಮ್ ವಿಮೆಗೇ ಒತ್ತು ಕೊಡುತ್ತವೆ. ಆದರೂ ಹಳೆಯದನ್ನು ಬಿಡಿಸಿ ಹೊಸದು ಮಾಡಿಸುವ ಸಲಹೆ ಬಂದರೆ ಎಚ್ಚರ. ಹೊಸ ಪಾಲಿಸಿಯಲ್ಲಿ ವಯಸ್ಸು ಹೆಚ್ಚಿದ್ದಷ್ಟು ದರ ಹೆಚ್ಚು, ಕ್ಲೇಮ್ ಬಂದಾಗ ಅರ್ಜಿಯ ವಿವರಗಳನ್ನು ಕಂಪನಿ ಪ್ರಶ್ನಿಸಬಹುದಾದ ಅವಧಿ ಮೊದಲಿಂದ ಶುರು, ಹಳೆಯದನ್ನು ಅವಧಿಗೆ ಮುನ್ನ ಬಿಟ್ಟಿದ್ದಕ್ಕೆ ಸರೆಂಡರ್ ಶುಲ್ಕ ಬೀಳಬಹುದು. ಹೊಸದು ಮಂಜೂರಾಗಿ ಪತ್ರ ಕೈಗೆ ಬರುವವರೆಗೆ ಹಳೆಯದನ್ನು ಕೈಬಿಡಬಾರದು.

ಇದು ಪಿರಮಿಡ್ ಮೋಸವೇ? ಹೊರಗಿನ ಗಿರಾಕಿಗೆ ನಿಜವಾದ ವಿಮೆ ಮಾರಿ ಅದರಿಂದಲೇ ಎಲ್ಲರ ಪಾಲು ಹುಟ್ಟುತ್ತಿದ್ದರೆ ಅಲ್ಲ; ಜನರನ್ನು ಸೇರಿಸಿದ್ದಕ್ಕೇ ಹಣ ಸಿಗುತ್ತಿದ್ದರೆ ಹೌದು. ಸೇರಿದವರೇ ಮುಖ್ಯ ಗಿರಾಕಿಗಳಾದಾಗ ಈ ಗೆರೆ ಮಸುಕಾಗುತ್ತದೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ನಿಮ್ಮಲ್ಲಿನ ವಿಮಾ ನಿಯಂತ್ರಕರ ನಿಯಮ ಓದಿ.

ಹಂತ 5: ಸಹಿಗೆ ಮುನ್ನ ಬರಹದಲ್ಲಿ ಪಡೆಯಿರಿ. ಪೂರ್ತಿ ಕಮಿಷನ್ ಕೋಷ್ಟಕ, ಮುಂಗಡ ಎಷ್ಟು ತಿಂಗಳದ್ದು, ವಾಪಸಿ ಎಲ್ಲಿಯವರೆಗೆ, ಪರೀಕ್ಷೆ–ಸಾಫ್ಟ್‌ವೇರ್–ಸಮಾವೇಶಗಳ ಶುಲ್ಕ ಎಷ್ಟು. ಆದಾಯದ ಪಟ್ಟಿ ತೋರಿಸಿದರೆ ಸರಾಸರಿಯನ್ನು ನಂಬಬೇಡಿ: 99 ಮಂದಿ ತಲಾ 100, ಒಬ್ಬರು 50,000 ಗಳಿಸಿದರೆ ಸರಾಸರಿ 599, ಆದರೆ ಸಾಲಿನ ನಡುವೆ ನಿಂತವರ ಗಳಿಕೆ ಬರೀ 100. ಆ ಪಟ್ಟಿಯಲ್ಲಿ ಸೇರಿದವರೆಲ್ಲ ಇದ್ದಾರೋ ‘ಸಕ್ರಿಯ’ರು ಮಾತ್ರವೋ ಎಂದೂ ಕೇಳಿ. ಕೊನೆಯದಾಗಿ ನಿರ್ಗಮನದ ಷರತ್ತು: ಬಿಟ್ಟ ಮೇಲೆ ನವೀಕರಣ ಕಮಿಷನ್ (ಎರಡನೇ ವರ್ಷದಿಂದಾಚೆಯ ಕಂತುಗಳ ಮೇಲಿನದು) ಬರುತ್ತದೆಯೇ, ಗಿರಾಕಿಗಳು ಯಾರ ಲೆಕ್ಕಕ್ಕೆ, ಬೇರೆ ಸಂಸ್ಥೆಗೆ ಹೋಗಲು ಮೇಲಿನವರ ಬಿಡುಗಡೆ ಪತ್ರ ಬೇಕೇ. ಇವುಗಳಲ್ಲಿ ಯಾವುದಕ್ಕಾದರೂ ಉತ್ತರ ಬಾಯಿಮಾತಿನಲ್ಲೇ ಉಳಿದರೆ ಸಹಿ ಹಾಕಬೇಡಿ.