ಮೊಬೈಲ್ ಫೋನಿಗೆ ಎಡಿಸಿ ಆರಿಸುವ ಕ್ರಮ: ಬಿಟ್‌ಗಳ ಲೆಕ್ಕ ಕೊನೆಗಿರಲಿ

ಅನಲಾಗ್ ಸಂಕೇತವನ್ನು ಡಿಜಿಟಲ್ ಅಂಕಿಗಳನ್ನಾಗಿ ಬದಲಿಸುವ ಪರಿವರ್ತಕ, ಅಂದರೆ ಎಡಿಸಿ, ಒಂದು ಮೊಬೈಲ್ ಫೋನಿನಲ್ಲಿ ಒಂದೇ ಇರುವುದಿಲ್ಲ. ಮೈಕ್ರೊಫೋನ್, ರೇಡಿಯೊ ರಿಸೀವರ್, ಕ್ಯಾಮೆರಾ, ಟಚ್ ಪರದೆ, ಬ್ಯಾಟರಿ ಇವುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಪರಿವರ್ತಕವಿದ್ದು, ಒಂದಕ್ಕೆ ಹೊಂದುವುದು ಇನ್ನೊಂದಕ್ಕೆ ಹೊಂದುವುದಿಲ್ಲ. ಆದರೂ ವಿನ್ಯಾಸಕ್ಕೆ ಕೈಹಾಕಿದ ಬಹುತೇಕರು ಮೊದಲು ಕೇಳುವ ಪ್ರಶ್ನೆ "ಎಷ್ಟು ಬಿಟ್?" ಎಂಬುದೇ, ಅಂದರೆ ಪ್ರತಿ ಅಳತೆಯನ್ನು ಎಷ್ಟು ಸೊನ್ನೆ-ಒಂದುಗಳಲ್ಲಿ ಬರೆಯಬೇಕು ಎಂದು. ನನ್ನ ದೃಷ್ಟಿಯಲ್ಲಿ ಆ ಪ್ರಶ್ನೆ ಕೊನೆಯದಾಗಬೇಕು. ಸಂಕೇತದ ಅಗಲ, ಅಂದರೆ ಅದು ಹರಡಿರುವ ಕಂಪನಾಂಕಗಳ ವ್ಯಾಪ್ತಿ, ಎಷ್ಟು, ಅದರ ಅತಿ ದೊಡ್ಡ ಮತ್ತು ಅತಿ ಸಣ್ಣ ಮಟ್ಟಗಳ ನಡುವಿನ ಅಂತರವೆಷ್ಟು, ಅದರ ಪಕ್ಕದಲ್ಲಿ ಬೇರೆ ಯಾವ ಸಂಕೇತಗಳಿವೆ ಎಂಬುದನ್ನು ಬರೆದಿಟ್ಟುಕೊಂಡರೆ ಬಿಟ್‌ಗಳ ಸಂಖ್ಯೆ ಲೆಕ್ಕದಿಂದ ತಾನಾಗಿಯೇ ಹೊರಬರುತ್ತದೆ.

ಆ ಲೆಕ್ಕಕ್ಕೆ ಬೇಕಾದ ಸೂತ್ರ ಚಿಕ್ಕದು. ಆದರ್ಶ ಪರಿವರ್ತಕವೊಂದರಲ್ಲಿ ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತವು, ಡೆಸಿಬಲ್‌ಗಳಲ್ಲಿ, ಬಿಟ್‌ಗಳ ಸಂಖ್ಯೆಯನ್ನು 6.02ರಿಂದ ಗುಣಿಸಿ 1.76 ಕೂಡಿಸಿದಷ್ಟಿರುತ್ತದೆ. ಇದನ್ನೇ ತಿರುಗಿಸಿ, ಅಳೆದು ಸಿಕ್ಕ ಅನುಪಾತದಿಂದ 1.76 ಕಳೆದು 6.02ರಿಂದ ಭಾಗಿಸಿದರೆ ಆ ಪರಿವರ್ತಕ ನಿಜವಾಗಿ ಕೊಡುವ ಬಿಟ್‌ಗಳ ಸಂಖ್ಯೆ ತಿಳಿಯುತ್ತದೆ. ಇದಕ್ಕೆ ಪರಿಣಾಮಕಾರಿ ಬಿಟ್ ಎನ್ನುತ್ತಾರೆ. ಡೇಟಾಶೀಟಿನ (ತಯಾರಕರು ಕೊಡುವ ವಿವರಪತ್ರದ) ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ 12 ಎಂದಿದ್ದು, ಒಳಗಿನ ಕೋಷ್ಟಕದಲ್ಲಿ ಅನುಪಾತ 65 ಡೆಸಿಬಲ್ ಎಂದಿದ್ದರೆ, ನಿಮ್ಮ ಕೈಗೆ ಬರುವುದು ಸುಮಾರು ಹತ್ತೂವರೆ ಬಿಟ್ ಮಾತ್ರ. ಆದ್ದರಿಂದ ಡೇಟಾಶೀಟನ್ನು ಮುಖಪುಟದಿಂದಲ್ಲ, ಆ ಕೋಷ್ಟಕದಿಂದ ಓದಲು ಆರಂಭಿಸಿ.

ಮೈಕ್ರೊಫೋನಿನಿಂದ ಶುರು ಮಾಡೋಣ. ಮೈಕ್ರೊಫೋನುಗಳ ಗದ್ದಲವನ್ನು 94 ಡೆಸಿಬಲ್ ಶಬ್ದಮಟ್ಟಕ್ಕೆ ಹೋಲಿಸಿ ಹೇಳುವುದು ರೂಢಿ. ಅನುಪಾತ 65 ಡೆಸಿಬಲ್ ಇದ್ದು, 120 ಡೆಸಿಬಲ್ ಶಬ್ದದವರೆಗೆ ಒಡೆಯದೆ ನಿಲ್ಲುವ ಮೈಕ್ರೊಫೋನ್ ನಿಮ್ಮಲ್ಲಿದೆ ಎಂದಿಟ್ಟುಕೊಳ್ಳಿ. 94ರಿಂದ 120ರವರೆಗಿನ 26ನ್ನು 65ಕ್ಕೆ ಕೂಡಿಸಿದರೆ ಒಟ್ಟು ವ್ಯಾಪ್ತಿ 91 ಡೆಸಿಬಲ್, ಅಂದರೆ ಸುಮಾರು 15 ಪರಿಣಾಮಕಾರಿ ಬಿಟ್. ಗದ್ದಲ ಕೂಡಿಬರದಂತೆ ಒಂದೆರಡು ಬಿಟ್ ಹೆಚ್ಚಿಗೆ ಇಟ್ಟುಕೊಳ್ಳುವುದು ಸರಿ. ಇದರ ಮುಂದೆ 24 ಬಿಟ್‌ನ ಪರಿವರ್ತಕ ಇಟ್ಟರೆ ಉಳಿದ ಬಿಟ್‌ಗಳು ಮೈಕ್ರೊಫೋನಿನ ಗದ್ದಲವನ್ನೇ ಬಹಳ ನಿಖರವಾಗಿ ಅಳೆಯುತ್ತವೆ, ಅಷ್ಟೆ.

ಇಲ್ಲಿ ಸಿಗ್ಮಾ-ಡೆಲ್ಟಾ ಬಗೆಯ ಪರಿವರ್ತಕವೇ ಸೂಕ್ತ. 1962ರಲ್ಲಿ ಜಪಾನಿನ ಇನೊಸೆ, ಯಾಸುಡಾ ಮತ್ತು ಮುರಕಾಮಿ ಪ್ರಕಟಿಸಿದ ಈ ವಿಧಾನದಲ್ಲಿ ಪರಿವರ್ತಕವು ಒಂದೇ ಬಿಟ್ಟನ್ನು ಅತಿ ವೇಗವಾಗಿ ಹೊರಡಿಸುತ್ತಾ, ತನ್ನ ಗದ್ದಲವನ್ನು ಕಿವಿಗೆ ಕೇಳದ ಎತ್ತರದ ಕಂಪನಾಂಕಗಳತ್ತ ತಳ್ಳುತ್ತದೆ. ಡಿಜಿಟಲ್ ಮೈಕ್ರೊಫೋನುಗಳಲ್ಲಿ ಈ ಭಾಗ ಮೈಕ್ರೊಫೋನಿನ ಪುಟ್ಟ ಡಬ್ಬಿಯೊಳಗೇ ಇರುತ್ತದೆ. ಸೆಕೆಂಡಿಗೆ 30.72 ಲಕ್ಷ ಬಿಟ್‌ಗಳ ಧಾರೆಯನ್ನು ಡಿಜಿಟಲ್ ಫಿಲ್ಟರು 64ರಿಂದ ಇಳಿಸಿದಾಗ 48 ಕಿಲೊಹರ್ಟ್ಸ್ ಧ್ವನಿ ಸಿಗುತ್ತದೆ. ಗದ್ದಲವನ್ನು ತಳ್ಳದೆ ಬರೀ 64 ಪಟ್ಟು ವೇಗವಾಗಿ ಸ್ಯಾಂಪಲ್ (ಸಂಕೇತದ ಒಂದು ಕ್ಷಣದ ಅಳತೆ) ತೆಗೆದರೆ ಗಳಿಕೆ 18 ಡೆಸಿಬಲ್, ಎಂದರೆ ಮೂರು ಬಿಟ್ ಮಾತ್ರ ಎಂಬುದನ್ನು ನೆನಪಿಡಿ. ಕೆಲಸ ಮಾಡುವುದು ವೇಗಕ್ಕಿಂತ ಹೆಚ್ಚಾಗಿ ಆ ತಳ್ಳುವಿಕೆ.

ರೇಡಿಯೊ ರಿಸೀವರಿನಲ್ಲಿ ವಿಷಯ ಜಟಿಲವಾಗುತ್ತದೆ. 20 ಮೆಗಾಹರ್ಟ್ಸ್ ಅಗಲದ ಎಲ್‌ಟಿಇ (4ಜಿ) ಸಂಕೇತವನ್ನು ನೇರವಾಗಿ ಸೊನ್ನೆ ಕಂಪನಾಂಕಕ್ಕೆ ಇಳಿಸುವ ರಿಸೀವರಿನಲ್ಲಿ ಎರಡು ದಾರಿಗಳಿದ್ದು, ಪ್ರತಿಯೊಂದು ದಾರಿಯಲ್ಲೂ ಸುಮಾರು 9 ಮೆಗಾಹರ್ಟ್ಸ್‌ವರೆಗಿನ ಸಂಕೇತವಿರುತ್ತದೆ. ಸ್ಯಾಂಪ್ಲಿಂಗ್ ದರ ಸಂಕೇತದ ಅತಿ ಹೆಚ್ಚಿನ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚಿರಬೇಕೆಂಬ ನಿಯಮದಂತೆ 18ಕ್ಕಿಂತ ಹೆಚ್ಚು ಸಾಕಲ್ಲವೇ ಎಂದು ತೋರಬಹುದು. ಆದರೆ ನಿಮ್ಮ ಸಂಕೇತ ಒಂಟಿಯಾಗಿ ಬರುವುದಿಲ್ಲ. ಎಲ್‌ಟಿಇಯ ರೂಢಿಯ ದರವಾದ 30.72 ಮೆಗಾಹರ್ಟ್ಸ್‌ನಲ್ಲಿ ಸ್ಯಾಂಪಲ್ ತೆಗೆಯುವಾಗ, 25 ಮೆಗಾಹರ್ಟ್ಸ್ ಆಚೆಯಿರುವ ಪರಕೀಯ ಸಂಕೇತವೊಂದು ಮಡಚಿಕೊಂಡು 5.72 ಮೆಗಾಹರ್ಟ್ಸ್‌ನಲ್ಲಿ, ಸರಿಯಾಗಿ ನಿಮ್ಮ ಸಂಕೇತದ ನಡುವೆಯೇ, ಬಂದು ಕೂರುತ್ತದೆ. ಒಮ್ಮೆ ಹಾಗೆ ಬೆರೆತ ಮೇಲೆ ಯಾವ ಡಿಜಿಟಲ್ ಫಿಲ್ಟರಿನಿಂದಲೂ ಅದನ್ನು ಬೇರ್ಪಡಿಸಲು ಬರುವುದಿಲ್ಲ. ಹೀಗಾಗಿ ಪರಿವರ್ತಕಕ್ಕೆ ಮುಂಚೆಯೇ ಅನಲಾಗ್ ಫಿಲ್ಟರು ಬೇಕು, ಇಲ್ಲವೇ ದರವನ್ನು ಇನ್ನಷ್ಟು ಏರಿಸಿ ಫಿಲ್ಟರಿನ ಹೊರೆಯನ್ನು ಕಡಿಮೆ ಮಾಡಬೇಕು. ಕಂಟಿನ್ಯುಯಸ್-ಟೈಮ್ (ಸ್ಯಾಂಪಲ್ ತೆಗೆಯುವ ಮುನ್ನವೇ ಸಂಕೇತವನ್ನು ಅನಲಾಗ್ ಆಗಿ ಸಂಸ್ಕರಿಸುವ) ಸಿಗ್ಮಾ-ಡೆಲ್ಟಾ ಪರಿವರ್ತಕಗಳು ಈ ಸೋಸುವಿಕೆಯನ್ನು ತಮ್ಮ ರಚನೆಯಲ್ಲೇ ಹೊತ್ತುಕೊಂಡು ಬರುವುದರಿಂದ ಮೊಬೈಲ್ ರಿಸೀವರುಗಳಲ್ಲಿ ಅವುಗಳಿಗೆ ಬೇಡಿಕೆಯಿದೆ.

ಈಗ ಬಿಟ್‌ಗಳ ಲೆಕ್ಕ. ಸಂಕೇತವನ್ನು ತಪ್ಪಿಲ್ಲದೆ ಬಿಡಿಸಲು 25 ಡೆಸಿಬಲ್, ಸರಾಸರಿಗಿಂತ ಆಗಾಗ ಮೇಲೇಳುವ ಶಿಖರಗಳಿಗೆ 12, ಫಿಲ್ಟರನ್ನು ದಾಟಿಯೂ ಉಳಿದುಬಂದ ಪಕ್ಕದ ಚಾನೆಲ್ಲಿಗೆ 25, ಪರಿವರ್ತಕದ ಗದ್ದಲ ರಿಸೀವರಿನ ಸ್ವಂತ ಗದ್ದಲಕ್ಕಿಂತ ಕೆಳಗಿರಲು 12 ಎಂದು ಉದಾಹರಣೆಗೆ ಹಿಡಿದರೆ ಮೊತ್ತ 74 ಡೆಸಿಬಲ್. ಸೂತ್ರಕ್ಕೆ ಹಾಕಿದರೆ 12 ಪರಿಣಾಮಕಾರಿ ಬಿಟ್. ಗಮನಿಸಿ: ಈ ಹನ್ನೆರಡರಲ್ಲಿ ನಾಲ್ಕಕ್ಕೂ ಹೆಚ್ಚು ಬಿಟ್‌ಗಳು ಬೇರೆಯವರ ಸಂಕೇತವನ್ನು ತಾಳಿಕೊಳ್ಳಲು ವ್ಯಯವಾಗಿವೆ. ಅನಲಾಗ್ ಫಿಲ್ಟರನ್ನು ಬಿಗಿಗೊಳಿಸಿದರೆ ಆ ಬಿಟ್‌ಗಳನ್ನು ಉಳಿಸಬಹುದು, ಆದರೆ ಚಿಪ್ಪಿನ ಜಾಗ ಖರ್ಚಾಗುತ್ತದೆ. ಎರಡರಲ್ಲಿ ಯಾವುದು ಅಗ್ಗವೆಂದು ತೂಗಿ ನೋಡುವುದೇ ಇಲ್ಲಿನ ನಿಜವಾದ ವಿನ್ಯಾಸ.

ವಿದ್ಯುತ್ತಿನ ಖರ್ಚನ್ನು ಹೋಲಿಸಲು ಪರಿವರ್ತಕದ ವಿದ್ಯುತ್ತನ್ನು ಅದರ ಪರಿಣಾಮಕಾರಿ ಹಂತಗಳ ಸಂಖ್ಯೆಯಿಂದಲೂ (10 ಬಿಟ್ಟಿಗೆ 1024 ಹಂತ) ಸ್ಯಾಂಪ್ಲಿಂಗ್ ದರದಿಂದಲೂ ಭಾಗಿಸಿ. 1 ಮಿಲಿವ್ಯಾಟ್ ಬಳಸಿ, 10 ಪರಿಣಾಮಕಾರಿ ಬಿಟ್‌ಗಳನ್ನು ಸೆಕೆಂಡಿಗೆ 4 ಕೋಟಿ ಸಲ ಕೊಡುವ ಪರಿವರ್ತಕಕ್ಕೆ ಹಂತವೊಂದಕ್ಕೆ ಸುಮಾರು 24 ಫೆಮ್ಟೊಜೂಲ್ ಬೀಳುತ್ತದೆ. ಒಂದೇ ವರ್ಗದ ಎರಡು ಪರಿವರ್ತಕಗಳನ್ನು ಹೋಲಿಸುವಾಗ ಮಾತ್ರ ಈ ಅಂಕಿಗೆ ಬೆಲೆ ಕೊಡಿ.

ಕ್ಯಾಮೆರಾ ಮತ್ತು ಟಚ್ ಪರದೆಯ ವಿಷಯದಲ್ಲಿ ನಿಮಗೆ ಆಯ್ಕೆಯೇ ಕಡಿಮೆ. ಸೆನ್ಸರಿನ ಪ್ರತಿ ಕಾಲಮ್ಮಿಗೂ ಒಂದರಂತೆ ಪರಿವರ್ತಕಗಳು ಸೆನ್ಸರಿನಲ್ಲೇ ಅಡಕವಾಗಿ ಬರುತ್ತವೆ; ಟಚ್ ನಿಯಂತ್ರಕವೂ ಹಾಗೆಯೇ.

ಬ್ಯಾಟರಿಯ ಉಷ್ಣತೆಯನ್ನು ಅಳೆಯುವ ಪರಿವರ್ತಕ ನೋಡಲು ಅತಿ ಸರಳ, ಎಡವುವವರು ಹೆಚ್ಚಿರುವುದೂ ಇಲ್ಲಿಯೇ. ಸಾಮಾನ್ಯವಾಗಿ ಬಳಸುವುದು ಎಸ್‌ಎಆರ್ ಬಗೆಯದು. ತಕ್ಕಡಿಯಲ್ಲಿ ದೊಡ್ಡ ಬಟ್ಟಿನಿಂದ ಚಿಕ್ಕದರವರೆಗೆ ಒಂದೊಂದಾಗಿ ಇಟ್ಟು ನೋಡುವಂತೆ ಅದು ವೋಲ್ಟೇಜನ್ನು ಅಂದಾಜಿಸುತ್ತದೆ. ಪೂರ್ಣ ಮಟ್ಟ 1.6 ವೋಲ್ಟ್ ಇರುವ 4 ಬಿಟ್‌ನ ಪರಿವರ್ತಕಕ್ಕೆ 1.05 ವೋಲ್ಟ್ ಕೊಟ್ಟರೆ, 0.8ಕ್ಕಿಂತ ಹೆಚ್ಚೇ? ಹೌದು. 1.2ಕ್ಕಿಂತ? ಇಲ್ಲ. 1.0ಕ್ಕಿಂತ? ಹೌದು. 1.1ಕ್ಕಿಂತ? ಇಲ್ಲ. ಉತ್ತರ 1010. ಪ್ರತಿ ಬಿಟ್ಟಿಗೆ ಒಂದೇ ಹೋಲಿಕೆ.

ತೊಡಕಿರುವುದು ಈ ಹೋಲಿಕೆಗಳಿಗೆ ಮುಂಚೆ, ವೋಲ್ಟೇಜನ್ನು ಒಳಗಿನ ಕೆಪಾಸಿಟರಿಗೆ ತುಂಬಿಕೊಳ್ಳುವ ಕ್ಷಣದಲ್ಲಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಕಿಲೊಓಮ್ ಇರುವ ಥರ್ಮಿಸ್ಟರನ್ನು (ಉಷ್ಣತೆಗೆ ತಕ್ಕಂತೆ ರೋಧ ಬದಲಾಗುವ ಬಿಡಿಭಾಗವನ್ನು) ಅಷ್ಟೇ ಬೆಲೆಯ ರೆಸಿಸ್ಟರಿನ ಜೊತೆ ಜೋಡಿಸಿದರೆ ಪರಿವರ್ತಕಕ್ಕೆ ಕಾಣುವ ರೋಧ 50 ಕಿಲೊಓಮ್. ಒಳಗಿನ ಕೆಪಾಸಿಟರ್ 10 ಪಿಕೊಫ್ಯಾರಡ್ ಆಗಿದ್ದರೆ ಕಾಲಾಂಕ, ಅಂದರೆ ರೋಧ ಮತ್ತು ಕೆಪಾಸಿಟರಿನ ಬೆಲೆಗಳ ಗುಣಲಬ್ಧ, ಅರ್ಧ ಮೈಕ್ರೊಸೆಕೆಂಡ್. 12 ಬಿಟ್‌ನಲ್ಲಿ ಅರ್ಧ ಹಂತದಷ್ಟು ನಿಖರವಾಗಿ ತುಂಬಲು ಇದರ ಒಂಬತ್ತು ಪಟ್ಟು, ಎಂದರೆ ನಾಲ್ಕೂವರೆ ಮೈಕ್ರೊಸೆಕೆಂಡ್ ಬೇಕು. ಸಾಫ್ಟ್‌ವೇರಿನಲ್ಲಿ 1 ಮೈಕ್ರೊಸೆಕೆಂಡ್ ಮಾತ್ರ ಕೊಟ್ಟಿದ್ದರೆ ಹಿಂದಿನ ಚಾನೆಲ್ಲಿನ (ಅದೇ ಪರಿವರ್ತಕ ಸರದಿಯಲ್ಲಿ ಅಳೆಯುವ ಬೇರೊಂದು ಪಿನ್ನಿನ) ವೋಲ್ಟೇಜಿಗೂ ಇದಕ್ಕೂ ಇರುವ ವ್ಯತ್ಯಾಸದಲ್ಲಿ ಶೇಕಡಾ 13.5ರಷ್ಟು ಹಾಗೆಯೇ ಉಳಿದುಬಿಡುತ್ತದೆ. ಬ್ಯಾಟರಿಯ ಉಷ್ಣತೆ ಅದಕ್ಕೆ ಮೊದಲು ಯಾವ ಚಾನೆಲ್ ಓದಿದಿರಿ ಎಂಬುದನ್ನು ಅವಲಂಬಿಸಿದಂತೆ ಕಂಡರೆ ಕಾರಣ ಬಹುಮಟ್ಟಿಗೆ ಇದೇ. ಪರಿಹಾರವಾಗಿ ತುಂಬುವ ಕಾಲವನ್ನು ಹೆಚ್ಚಿಸಿ, ಅಥವಾ ಪಿನ್ನಿಗೆ ಅಂಟಿಕೊಂಡಂತೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಡಿ. ಅದು ಒಳಗಿನದಕ್ಕಿಂತ ಹತ್ತು ಸಾವಿರ ಪಟ್ಟು ದೊಡ್ಡದಾದ್ದರಿಂದ ಬೇಕಾದ ಆವೇಶವನ್ನು ಕ್ಷಣದಲ್ಲಿ ಒದಗಿಸಿಯೂ ಅರ್ಧ ಹಂತಕ್ಕಿಂತ ಕಡಿಮೆ ಅಲುಗುತ್ತದೆ. ಆದರೆ ಅದು ಮತ್ತೆ ತುಂಬಿಕೊಳ್ಳುವ ಕಾಲಾಂಕ 5 ಮಿಲಿಸೆಕೆಂಡ್. ಅದಕ್ಕಿಂತ ಬೇಗಬೇಗ ಓದುತ್ತಾ ಹೋದರೆ ತಪ್ಪು ಮತ್ತೆ ಕೂಡುತ್ತಾ ಬರುತ್ತದೆ.

ಆರಿಸಿದ ಮೇಲೆ ಅಳೆದು ನೋಡಬೇಕು. ಶುದ್ಧ ಸೈನ್ ಅಲೆಯನ್ನು ಪೂರ್ಣ ಮಟ್ಟಕ್ಕಿಂತ 1 ಡೆಸಿಬಲ್ ಕೆಳಗೆ ಕೊಟ್ಟು, 4096 ಸ್ಯಾಂಪಲ್ ತೆಗೆದು, ಎಫ್‌ಎಫ್‌ಟಿ ಮಾಡಿ (ಅಂದರೆ ಸ್ಯಾಂಪಲ್‌ಗಳನ್ನು ಕಂಪನಾಂಕಗಳಾಗಿ ಬಿಡಿಸಿ), ಅಲೆಯ ಶಕ್ತಿಯನ್ನು ಉಳಿದೆಲ್ಲದರ ಮೊತ್ತದಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಡಿಸಿಯನ್ನು, ಅಂದರೆ ಸೊನ್ನೆ ಕಂಪನಾಂಕದ ಭಾಗವನ್ನು, ಮಾತ್ರ ಲೆಕ್ಕದಿಂದ ಬಿಡಿ. ಅಲೆಯ ಕಂಪನಾಂಕ ಮನಬಂದಂತೆ ಇರಬಾರದು. 4096 ಸ್ಯಾಂಪಲ್‌ಗಳಲ್ಲಿ ಪೂರ್ಣ ಆವರ್ತಗಳು, ಅದೂ ಬೆಸ ಸಂಖ್ಯೆಯಲ್ಲಿ, ಕೂರಬೇಕು. 293 ಆವರ್ತಗಳನ್ನು ಆರಿಸಿಕೊಂಡರೆ 30.72 ಮೆಗಾಹರ್ಟ್ಸ್ ದರಕ್ಕೆ ಅಲೆಯ ಕಂಪನಾಂಕ ಸರಿಯಾಗಿ 2.1975 ಮೆಗಾಹರ್ಟ್ಸ್ ಆಗುತ್ತದೆ. ಜನರೇಟರಿನ ಹೊರಗೆ ಬ್ಯಾಂಡ್‌ಪಾಸ್ ಫಿಲ್ಟರ್ ಇಡುವುದನ್ನು ಮರೆಯಬೇಡಿ, ಏಕೆಂದರೆ ಅನೇಕ ವೇಳೆ ಜನರೇಟರಿನ ವಿಕೃತಿಯೇ ಪರಿವರ್ತಕದ್ದಕ್ಕಿಂತ ಹೆಚ್ಚಿರುತ್ತದೆ. ಸ್ಯಾಂಪಲ್ ತೆಗೆಯುವ ಕ್ಷಣಗಳನ್ನು ನಿಗದಿಮಾಡುವ ಗಡಿಯಾರದ ಅದುರುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: 1 ಪಿಕೊಸೆಕೆಂಡ್ ಅದುರುವಿಕೆ 10 ಮೆಗಾಹರ್ಟ್ಸ್ ಅಲೆಯಲ್ಲಿ ಅನುಪಾತವನ್ನು 84 ಡೆಸಿಬಲ್‌ಗೆ ಸೀಮಿತಗೊಳಿಸಿದರೆ, 100 ಮೆಗಾಹರ್ಟ್ಸ್‌ನಲ್ಲಿ 64ಕ್ಕೆ ಇಳಿಸುತ್ತದೆ.

ಇದೇ ಪರೀಕ್ಷೆಯನ್ನು ಫೋನಿನ ಬೋರ್ಡಿನ ಮೇಲೆ, ಟ್ರಾನ್ಸ್‌ಮಿಟರ್ ಪೂರ್ಣ ಶಕ್ತಿಯಲ್ಲಿರುವಾಗ ಮತ್ತು ಚಾರ್ಜರ್ ಜೋಡಿಸಿರುವಾಗ ಇನ್ನೊಮ್ಮೆ ಮಾಡಿ. ಮೇಜಿನ ಮೇಲೆ ಸಿಕ್ಕ ಅಂಕಿ ಇಲ್ಲಿ ಕುಸಿದರೆ ಪರಿವರ್ತಕವನ್ನು ಬದಲಿಸುವ ಮೊದಲು ರೆಫರೆನ್ಸ್ ವೋಲ್ಟೇಜಿನ ಜಾಡನ್ನೂ ಗ್ರೌಂಡ್ ಹರಿಯುವ ದಾರಿಯನ್ನೂ ಪರಿಶೀಲಿಸಿ.