ಸ್ಕ್ಯಾನ್‌ನಲ್ಲಿ ಮೂಳೆ ಸವೆದಿದ್ದರೆ ಅದು ಕ್ಯಾನ್ಸರೇ ಆಗಬೇಕಿಲ್ಲ

ಒಂದೇ ಕಡೆಯ ಮೂಗು ಕಟ್ಟಿಕೊಂಡು, ಅದೇ ಕಡೆಯಿಂದ ಪದೇ ಪದೇ ರಕ್ತ ಬರುತ್ತಿದ್ದರೆ ನಾವು ಇಎನ್‌ಟಿ ಡಾಕ್ಟರುಗಳು ಮೊದಲು ಕ್ಯಾನ್ಸರ್ ಅಂತಲೇ ಅನುಮಾನಿಸುತ್ತೇವೆ. ಅನುಮಾನಿಸಲೇಬೇಕು. ಆದರೆ ಆ ಅನುಮಾನವನ್ನೇ ತೀರ್ಮಾನ ಮಾಡಿಕೊಂಡರೆ ಸುಮ್ನೆ ಒಬ್ಬರ ಮುಖ ಕೊಯ್ಯುವ ಹಾಗಾಗುತ್ತದೆ.

ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುವ, ಕುಂದಾಪುರ ಕಡೆಯವರೊಬ್ಬರು ನನ್ನ ಹತ್ತಿರ ಬಂದರು. ಬೇರೆ ಕಡೆ ಮಾಡಿಸಿದ್ದ ಸಿಟಿ ಸ್ಕ್ಯಾನ್ ಕೈಯಲ್ಲಿತ್ತು. ಎಡಗೆನ್ನೆಯ ಸೈನಸ್ (ಮೂಳೆಯೊಳಗಿನ ಗಾಳಿಗೂಡು) ಪೂರ್ತಿ ಗಡ್ಡೆ ತುಂಬಿದೆ, ಮೂಗಿನ ಕಡೆಯ ಗೋಡೆ ಸವೆದಿದೆ, ಕ್ಯಾನ್ಸರ್ ಇರಬಹುದು ಅಂತ ರಿಪೋರ್ಟ್. ಹೆಂಡತಿ ಕೇಳಿದ್ದು ಒಂದೇ ಮಾತು: "ಡಾಕ್ಟ್ರೇ, ಟಾಟಾಗೆ ಹೋಗಬೇಕಾ?" ಮುಂಬೈಯಲ್ಲಿ ಆ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಹೇಳಿದರೆ ಮನೆಯವರ ಮನಸ್ಸಲ್ಲಿ ಏನಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. "ಏನು ಅಂತ ಮೊದಲು ನೋಡೋಣ ಅಮ್ಮಾ, ಬೇಕಾದರೆ ನಾನೇ ಚೀಟಿ ಬರೆದುಕೊಡ್ತೇನೆ" ಅಂದೆ.

ನಾನು ರಿಪೋರ್ಟ್ ಬದಿಗಿಟ್ಟು ಸಿಡಿಯಲ್ಲಿರುವ ಚಿತ್ರಗಳನ್ನೇ ಒಂದೊಂದಾಗಿ ನೋಡುತ್ತೇನೆ. ಕ್ಯಾನ್ಸರ್ ಆದರೆ ಮೂಳೆ ಹೆಚ್ಚಾಗಿ ಗೆದ್ದಲು ತಿಂದ ಮರದ ಹಾಗೆ ಒರಟೊರಟಾಗಿ ಹೋಗಿರುತ್ತದೆ. ಇವರದ್ದು ಹಾಗಿರಲಿಲ್ಲ. ಮೂಗಿನ ಕಡೆಯ ಗೋಡೆ ತೆಳ್ಳಗಾಗಿ, ತಳ್ಳಲ್ಪಟ್ಟು, ನಡುವೆ ಮಾತ್ರ ಇಲ್ಲವಾಗಿತ್ತು. ಕಣ್ಣಿನ ಕೆಳಗಿನ ಮೂಳೆ ಬಾಗಿದ್ದರೂ ಮುರಿದಿರಲಿಲ್ಲ, ಸೈನಸ್ಸಿನ ಹಿಂದಿನ ಕೊಬ್ಬಿನ ಪದರವೂ ಹಾಗೇ ಇತ್ತು. ಹತ್ತಿಯ ಎಳೆಯಿಂದ ಎರಡೂ ಕೆನ್ನೆ, ಮೇಲ್ದುಟಿ ಸವರಿ ನೋಡಿದೆ. ಎಲ್ಲೂ ಜೋಮಿಲ್ಲ. ಹಲ್ಲು ಅಲ್ಲಾಡುತ್ತಿರಲಿಲ್ಲ, ಕಣ್ಣು ಎಲ್ಲ ಕಡೆಗೂ ಸರಿಯಾಗಿ ತಿರುಗುತ್ತಿತ್ತು.

ಮೂಗಿನೊಳಗೆ ಎಂಡೋಸ್ಕೋಪ್, ಅಂದರೆ ಒಳಗೆ ನೋಡುವ ದುರ್ಬೀನು, ಹಾಕಿದಾಗ ಕಂಡದ್ದು ಸಾಮಾನ್ಯ ಪಾಲಿಪ್‌ನ (ಮೂಗಿನ ದುರ್ಮಾಂಸದ) ಬಿಳಿಚು ಬಣ್ಣವಲ್ಲ, ಕಡುಗೆಂಪು ಗಡ್ಡೆ, ಮೇಲೆ ಹಳದಿ ಪೊರೆ. ಮೊದಲೇ ತೆಗೆಸಿದ್ದ ಬಯಾಪ್ಸಿಯಲ್ಲಿ ರಕ್ತ, ಫೈಬ್ರಿನ್ (ಹೆಪ್ಪುಗಟ್ಟಿದ ರಕ್ತದ ನಾರು), ಸತ್ತ ಅಂಗಾಂಶ ಅಷ್ಟೇ ಬಂದಿತ್ತು. ಮನೆಯವರು ಅದನ್ನು "ಏನೂ ಇಲ್ಲ" ಅಂತ ಓದಿಕೊಂಡಿದ್ದರು. ಹಾಗಲ್ಲ. ಮೇಲ್ಪದರ ಸತ್ತಿದ್ದರೆ ಅಲ್ಲಿಂದ ಚಿವುಟಿದ ಚೂರು ಯಾವುದನ್ನೂ ಸಾಬೀತು ಮಾಡುವುದಿಲ್ಲ, ಕ್ಯಾನ್ಸರ್ ಇದೆ ಅಂತಲೂ ಇಲ್ಲ ಅಂತಲೂ.

ಅದಕ್ಕೆ ಎಂಆರ್‌ಐ ಮಾಡಿಸಿದೆ. ಅದರ ಟಿ2 ಅನ್ನುವ ಬಗೆಯ ಚಿತ್ರದಲ್ಲಿ ಗಡ್ಡೆಯ ಸುತ್ತ ಕಪ್ಪು ಅಂಚು, ಒಳಗೆ ಕಪ್ಪು ಬಿಳಿ ಕಲಸಿದ ಹಾಗೆ, ಕಾಂಟ್ರಾಸ್ಟ್ ಔಷಧಿ ಕೊಟ್ಟಾಗ ಅಲ್ಲಲ್ಲಿ ಮಾತ್ರ ಹೊಳಪು. ಹಳೇ ರಕ್ತ ಹೆಪ್ಪುಗಟ್ಟಿ ಆಗುವ ಗಡ್ಡೆ, ಅಂದರೆ ಆರ್ಗನೈಸ್ಡ್ ಹೆಮಟೋಮಾ, ಹೀಗೇ ಕಾಣುತ್ತದೆ. ಇನ್ವರ್ಟೆಡ್ ಪ್ಯಾಪಿಲೋಮಾ ಅನ್ನುವ ಇನ್ನೊಂದು ಗಡ್ಡೆ ಆಗಿದ್ದರೆ ಮಿದುಳಿನ ಮಡಿಕೆಗಳಂಥ ಗೆರೆಗಳು ಕಾಣಬೇಕಿತ್ತು. ಅದೂ ಸಾದಾ ಗಡ್ಡೆಯೇ, ಆದರೆ ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತದೆ, ಬುಡದ ಮೂಳೆಯನ್ನೂ ಡ್ರಿಲ್ ಮಾಡಬೇಕಾಗುತ್ತದೆ. ಇನ್ನು ಹದಿಹರೆಯದ ಹುಡುಗನ ಮೂಗಿನ ಹಿಂಭಾಗದಲ್ಲಿ ರಕ್ತಸುರಿಯುವ ಗಡ್ಡೆ ಕಂಡರೆ ಒಪಿಡಿಯಲ್ಲಿ ಚಿವುಟುವ ಮಾತೇ ಇಲ್ಲ. ಅದು ಆಂಜಿಯೋಫೈಬ್ರೋಮಾ, ಅಂದರೆ ರಕ್ತನಾಳಗಳೇ ತುಂಬಿದ ಗಡ್ಡೆ, ಆಗಿದ್ದರೆ ರಕ್ತ ನಿಲ್ಲಿಸುವುದೇ ಕಷ್ಟ.

ನಮ್ಮ ಈ ಹೋಟೆಲಿನವರು ಹೃದಯಕ್ಕಾಗಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಆಸ್ಪಿರಿನ್ ತಗೊಳ್ಳುತ್ತಿದ್ದರು, ಹಾಗಾಗಿ ಹೃದಯದ ಡಾಕ್ಟರರನ್ನು ಕೇಳಿಯೇ ನಿಲ್ಲಿಸಿದೆವು. ಆಪರೇಷನ್ ಪೂರ್ತಿ ಮೂಗಿನ ಒಳಗಿಂದಲೇ. ಸೈನಸ್ಸಿನ ಬಾಗಿಲು ಅಗಲ ಮಾಡಿ, ಮೊದಲು ಗಡ್ಡೆಯ ಆಳದಿಂದ ಚೂರು ತೆಗೆದು ಫ್ರೋಜನ್ ಸೆಕ್ಷನ್‌ಗೆ, ಅಂದರೆ ಆಪರೇಷನ್ ನಡೆಯುತ್ತಿರುವಾಗಲೇ ಮಾಡುವ ತುರ್ತು ಪರೀಕ್ಷೆಗೆ, ಕಳಿಸಿದೆ. ಕ್ಯಾನ್ಸರ್ ಕಣ ಇಲ್ಲ ಅಂತ ಪೆಥಾಲಜಿಯಿಂದ ಫೋನ್ ಬಂದ ಮೇಲೆ ಉಳಿದದ್ದನ್ನು ತುಂಡು ತುಂಡಾಗಿ ತೆಗೆದೆ. ಒಳಗೆ ಕಂದು ಬಣ್ಣದ, ಪದರ ಪದರವಾದ ಹೆಪ್ಪು. ಗಡ್ಡೆ ಹೊರಬಂದ ಹಾಗೆ ರಕ್ತವೂ ತಾನಾಗಿ ಕಡಿಮೆಯಾಯಿತು. ಒಂದು ಚೂರೂ ಬಿಸಾಡದೆ ಎಲ್ಲವನ್ನೂ ಪೆಥಾಲಜಿಗೆ ಕಳಿಸಿದೆ. ಮೂಲೆಯಲ್ಲೆಲ್ಲೋ ಕ್ಯಾನ್ಸರ್ ಅಡಗಿದ್ದರೆ ಫ್ರೋಜನ್‌ನಲ್ಲಿ ತಪ್ಪಿಹೋಗಬಹುದು, ಅಲ್ವಾ? ಕೊನೆಯ ರಿಪೋರ್ಟ್‌ನಲ್ಲೂ ಹಳೇ ರಕ್ತ, ಫೈಬ್ರಿನ್, ಹೊಸದಾಗಿ ಹುಟ್ಟಿದ ಸಣ್ಣ ರಕ್ತನಾಳಗಳು, ಇಷ್ಟೇ. ಮುಚ್ಚಿದ ಸೈನಸ್ಸಿನೊಳಗೆ ನಿಂತ ರಕ್ತದ ಸುತ್ತ ಪೊರೆ ಬೆಳೆದು, ಆ ಹೊಸ ನಾಳಗಳು ಮತ್ತೆ ಮತ್ತೆ ಒಸರಿ, ಒತ್ತಡಕ್ಕೆ ಮೂಳೆ ಸವೆಯುತ್ತದೆ.

ಪೂರ್ತಿ ತೆಗೆದರೆ ಇದು ಮರಳಿ ಬರುವುದು ತೀರಾ ಅಪರೂಪ. ಈಗ ಅವರು ಉಪ್ಪುನೀರಿನಿಂದ ಮೂಗು ತೊಳೆದುಕೊಳ್ಳುತ್ತಾ ಕೆಲಸಕ್ಕೆ ಹೋಗುತ್ತಿದ್ದಾರೆ, ಎಂಡೋಸ್ಕೋಪ್ ಹಾಕಿ ನೋಡಲು ನಾನು ಆಗಾಗ ಕರೆಸಿಕೊಳ್ಳುತ್ತೇನೆ.