ಬೆನ್ನುಚೀಲದೊಂದಿಗೆ ಮುಂಬಯಿ: ಹುಬ್ಬಳ್ಳಿ–ಧಾರವಾಡದ ಕಡೆಯಿಂದ ಹೊರಡುವ ದಂಪತಿಗೆ ನಾಲ್ಕು ದಿನಗಳ ಮಾರ್ಗದರ್ಶಿ

ಮುಂಬಯಿ ದಕ್ಷಿಣೋತ್ತರವಾಗಿ ಚಾಚಿಕೊಂಡ ಕಿರಿದಾದ ಊರು. ಕಚೇರಿ, ಕೋರ್ಟು, ಬ್ಯಾಂಕುಗಳು ಮೊದಲು ಬೆಳೆದದ್ದು ದಕ್ಷಿಣದ ತುದಿಯಲ್ಲಿ, ಜನವಸತಿ ಹರಡಿದ್ದು ಉತ್ತರಕ್ಕೆ. ಆದ್ದರಿಂದ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಲೋಕಲ್ ರೈಲುಗಳ ಜನಸಾಗರ ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ಐದರಿಂದ ಒಂಬತ್ತರವರೆಗೆ ಉತ್ತರಕ್ಕೆ ಮರಳುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯಿಂದ ಬೆನ್ನಿಗೊಂದು ಚೀಲ ಏರಿಸಿಕೊಂಡು ಹೊರಡುವ ಗಂಡ-ಹೆಂಡತಿ ಇದೊಂದನ್ನು ಗಮನದಲ್ಲಿಟ್ಟುಕೊಂಡು ಪ್ರತಿ ದಿನ ಯಾವ ದಿಕ್ಕಿಗೆ, ಯಾವ ಹೊತ್ತಿಗೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡರೆ ಪ್ರವಾಸದ ಅರ್ಧ ದಣಿವು ತಪ್ಪುತ್ತದೆ. ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಆಮೇಲೆ ಮಾಡಿದರೂ ನಡೆಯುತ್ತದೆ.

ಹೋಗಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರುವರಿಯವರೆಗಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರಾಗಿ ಹಿಡಿದರೆ ರೈಲುಗಳು ನಿಲ್ಲುತ್ತವೆ, ಸಮುದ್ರದ ದೋಣಿಗಳೂ ನಿಲ್ಲುತ್ತವೆ. ಹುಬ್ಬಳ್ಳಿಯಿಂದ ಧಾರವಾಡ, ಬೆಳಗಾವಿ, ಮಿರಜ್, ಪುಣೆಯ ಮೇಲೆ ದಾದರ್‌ಗೆ ನೇರ ರೈಲುಗಳಿವೆ. ಗದಗದವರಿಗೆ ಬಾಗಲಕೋಟೆ, ವಿಜಯಪುರ, ಸೊಲ್ಲಾಪುರ ಮಾರ್ಗದ ರೈಲು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೇ, ಅಂದರೆ ಜನ ಸಿಎಸ್‌ಎಂಟಿ ಎನ್ನುವ ನಿಲ್ದಾಣಕ್ಕೇ ಒಯ್ಯುತ್ತದೆ. ಮೈಸೂರು, ಪುದುಚೇರಿ ಕಡೆಯಿಂದ ದಾದರ್‌ಗೆ ಹೋಗುವ ರೈಲುಗಳು ಹಾವೇರಿಯ ಮೇಲೆ ಹಾಯುತ್ತವೆ, ಆದರೆ ಅವು ನಿತ್ಯದ ರೈಲುಗಳಲ್ಲ. ಮುಂಗಡ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಹಬ್ಬದ ಆಸುಪಾಸಿನ ದಿನಗಳಾದರೆ ತೆರೆದ ದಿನವೇ ತೆಗೆಯಬೇಕು. ಹುಬ್ಬಳ್ಳಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ಇರುವುದರಿಂದ, ನಿಮ್ಮ ರೈಲು ಯಾವ ಪ್ಲಾಟ್‌ಫಾರಂನಲ್ಲಿ, ಅದರ ಯಾವ ತುದಿಯಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಂಡು ನಡೆಯಿರಿ.

ಚೀಲದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಒಬ್ಬೊಬ್ಬರಿಗೆ ಏಳೆಂಟು ಕಿಲೋ ದಾಟಬಾರದು, ಏಕೆಂದರೆ ಲೋಕಲ್ ರೈಲಿನಲ್ಲಿ ಆ ಚೀಲ ಬೆನ್ನಿನ ಮೇಲಲ್ಲ, ಎದೆಯ ಮೇಲೆ ಇರಬೇಕಾಗುತ್ತದೆ. ಧಾರವಾಡದ ಗಾಳಿಗೆ ಒಂದು ಹೊತ್ತಿನಲ್ಲಿ ಒಣಗುವ ಬಟ್ಟೆ ಮುಂಬಯಿಯ ಲಾಡ್ಜಿನ ಕೋಣೆಯಲ್ಲಿ ರಾತ್ರಿಯಿಡೀ ಹಸಿಯಾಗಿಯೇ ಉಳಿಯುತ್ತದೆ, ಹಾಗಾಗಿ ಜೀನ್ಸಿನ ಬದಲು ತೆಳುವಾದ ಹತ್ತಿ ಬಟ್ಟೆ, ದಪ್ಪ ಟರ್ಕಿ ಟವೆಲ್ಲಿನ ಬದಲು ತೆಳುವಾದ ಪಂಜೆ ಸಾಕು. ಪ್ರತಿ ಚೀಲಕ್ಕೂ ಒಂದು ಸಣ್ಣ ಬೀಗ ಬೇಕೇ ಬೇಕು. ರೈಲ್ವೆಯ ಕ್ಲೋಕ್ ರೂಮಿನಲ್ಲಿ ಬೀಗವಿಲ್ಲದ ಚೀಲವನ್ನು ಇಟ್ಟುಕೊಳ್ಳುವುದಿಲ್ಲ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡರೆ ರೈಲಿನ ರಾತ್ರಿಯೂಟಕ್ಕೂ ಆಗುತ್ತದೆ, ಗುಹೆಗಳನ್ನು ನೋಡುವ ದಿನ ಮಧ್ಯಾಹ್ನಕ್ಕೂ ಒದಗುತ್ತದೆ.

ತಂಗಲು ದಕ್ಷಿಣ ಭಾಗವನ್ನೇ, ಎಂದರೆ ಸಿಎಸ್‌ಎಂಟಿ ಮತ್ತು ಫೋರ್ಟ್ ಸುತ್ತಮುತ್ತಲನ್ನೇ ನಾನು ಶಿಫಾರಸು ಮಾಡುತ್ತೇನೆ. ಅಲ್ಲಿ ಕೋಣೆಗಳು ಚಿಕ್ಕವು, ಬಾಡಿಗೆ ತುಸು ಹೆಚ್ಚು, ಕೆಲವು ಕಡೆ ಸ್ನಾನದ ಮನೆ ಹೊರಗಿರುತ್ತದೆ. ಆದರೂ ಅಲ್ಲಿ ತಂಗಿದವರು ಬೆಳಿಗ್ಗೆ ಉತ್ತರಕ್ಕೆ ಹೋಗಿ ಸಂಜೆ ದಕ್ಷಿಣಕ್ಕೆ ಬರುತ್ತಾರೆ, ಎರಡು ಸಲವೂ ಜನರ ಹರಿವಿಗೆ ಎದುರಾಗಿ, ಹಲವು ಬಾರಿ ಕುಳಿತುಕೊಂಡೇ. ದಾದರ್, ಮಾಟುಂಗಾದಲ್ಲಿ ಕೋಣೆ ಹಿಡಿದವರು ಬೆಳಿಗ್ಗೆ ಏಳೂವರೆಯೊಳಗೆ ದಕ್ಷಿಣಕ್ಕೆ ಹೊರಟುಬಿಡಬೇಕು, ಇಲ್ಲವೇ ಹನ್ನೊಂದು ಕಳೆಯಲು ಬಿಡಬೇಕು. ನಮ್ಮ ಕಡೆಯ ರೈಲುಗಳು ಬೆಳಗಿನ ಹೊತ್ತಿಗೆ ತಲುಪುವುದರಿಂದ, ಕೋಣೆ ಗೊತ್ತುಮಾಡುವಾಗಲೇ ಎಷ್ಟು ಗಂಟೆಗೆ ಕೊಡುತ್ತೀರಿ, ಇಪ್ಪತ್ತನಾಲ್ಕು ಗಂಟೆಯ ಲೆಕ್ಕವೋ ಮಧ್ಯಾಹ್ನದಿಂದ ಮಧ್ಯಾಹ್ನದ ಲೆಕ್ಕವೋ ಎಂದು ಫೋನಿನಲ್ಲಿ ಕೇಳಿಕೊಳ್ಳಿ. ಇಬ್ಬರ ಆಧಾರ್ ಕಾರ್ಡೂ ಕೈಯಲ್ಲಿರಲಿ.

ಲೋಕಲ್ ರೈಲಿಗೆ ಮೂರು ಮುಖ್ಯ ಮಾರ್ಗಗಳು: ಚರ್ಚ್‌ಗೇಟಿನಿಂದ ಹೊರಡುವ ಪಶ್ಚಿಮ ಮಾರ್ಗ, ಸಿಎಸ್‌ಎಂಟಿಯಿಂದ ಹೊರಡುವ ಮಧ್ಯ ಮಾರ್ಗ ಮತ್ತು ಹಾರ್ಬರ್ ಮಾರ್ಗ. ಪಶ್ಚಿಮ, ಮಧ್ಯ ಮಾರ್ಗಗಳೆರಡೂ ದಾದರ್‌ನಲ್ಲಿ ಕೂಡುತ್ತವೆ. ಅಲ್ಲಿ ಪಶ್ಚಿಮ ಮಾರ್ಗದ ಪ್ಲಾಟ್‌ಫಾರಂಗಳಿಗೆ 1ರಿಂದ 7, ಮಧ್ಯ ಮಾರ್ಗದವಕ್ಕೆ 8ರಿಂದ 14 ಎಂಬ ಸಂಖ್ಯೆಗಳಿವೆ. ಫಲಕದಲ್ಲಿ ಊರಿನ ಹೆಸರಿನ ಜೊತೆಗೆ ಎಫ್ ಎಂದಿದ್ದರೆ ಫಾಸ್ಟ್, ಎಸ್ ಎಂದಿದ್ದರೆ ಸ್ಲೋ. ಮಧ್ಯ ಮಾರ್ಗದ ಫಾಸ್ಟ್ ಲೋಕಲ್ಲು ಮಾಟುಂಗಾದಂಥ ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲ. ಎರಡನೇ ದರ್ಜೆಯ ಟಿಕೆಟ್ 5 ರೂಪಾಯಿಯಿಂದ ಆರಂಭವಾಗುತ್ತದೆ. ಪ್ರತಿ ಸಲ ಸಾಲು ನಿಲ್ಲುವ ಬದಲು ಒಂದು, ಮೂರು ಅಥವಾ ಐದು ದಿನಗಳ ಪ್ರವಾಸಿ ಟಿಕೆಟ್ ಕೇಳಿ ಪಡೆಯುವುದು ಉತ್ತಮ. ಮೊದಲ ದರ್ಜೆಯ ಡಬ್ಬಿ ಹೊರಗಿನಿಂದ ಬೇರೆ ಡಬ್ಬಿಗಳಂತೆಯೇ ಕಾಣುವುದರಿಂದ ಅದರ ಮೇಲಿನ ಬರಹವನ್ನು ನೋಡಿ ಹತ್ತಿರಿ, ಏಕೆಂದರೆ ಎರಡನೇ ದರ್ಜೆಯ ಟಿಕೆಟ್ ಹಿಡಿದು ಅಲ್ಲಿ ಸಿಕ್ಕಿಬಿದ್ದರೆ ದಂಡ ಕಟ್ಟಬೇಕು.

ಗದ್ದಲದ ಹೊತ್ತಿನಲ್ಲಿ ಹೆಂಡತಿ ಹೆಂಗಸರ ಡಬ್ಬಿಗೆ, ಗಂಡ ಸಾಮಾನ್ಯ ಡಬ್ಬಿಗೆ ಹತ್ತುವುದೇ ಸರಿ. ಆಗ ಇಳಿಯುವ ನಿಲ್ದಾಣದ ಹೆಸರಷ್ಟೇ ಅಲ್ಲ, ಇಳಿದ ಮೇಲೆ ಕೂಡುವ ಜಾಗವನ್ನೂ ಮೊದಲೇ ಮಾತಾಡಿಕೊಳ್ಳಿ: ಅದೇ ಪ್ಲಾಟ್‌ಫಾರಂನಲ್ಲಿ, ಮೊದಲ ಮೇಲ್ಸೇತುವೆಯ ಮೆಟ್ಟಿಲ ಬುಡದಲ್ಲಿ, ಯಾರು ಮೊದಲು ಬಂದರೂ ಅಲ್ಲಿಂದ ಕದಲಬಾರದು. ಆ ಗದ್ದಲದಲ್ಲಿ ಫೋನಿನ ಗಂಟೆ ಕೇಳಿಸುವುದೇ ಇಲ್ಲ. ಇಳಿಯುವುದಕ್ಕೂ ಒಂದು ಕ್ರಮವಿದೆ. ನಿಮ್ಮ ನಿಲ್ದಾಣಕ್ಕೆ ಒಂದು ನಿಲ್ದಾಣ ಮೊದಲೇ ಎದ್ದು, ಚೀಲವನ್ನು ಎದೆಗೆ ತಂದುಕೊಂಡು, ಮುಂದೆ ನಿಂತವರ ಭುಜದ ಹತ್ತಿರ ಬಾಗಿ "ದಾದರ್?" ಎಂದು ಕೇಳಬೇಕು. ಅವರೂ ಇಳಿಯುವವರಾದರೆ ತಲೆ ಆಡಿಸುತ್ತಾರೆ, ಅವರ ಬೆನ್ನ ಹಿಂದೆಯೇ ನಿಂತುಬಿಡಿ. ಇಲ್ಲವಾದರೆ ಮೈ ಓರೆ ಮಾಡಿ ನಿಮಗೆ ದಾರಿ ಬಿಡುತ್ತಾರೆ. ರೈಲು ಪೂರ್ತಿ ನಿಲ್ಲುವ ಮೊದಲು ಇಳಿಯುವ ಸ್ಥಳೀಯರನ್ನು ನೀವು ಅನುಸರಿಸಬೇಡಿ.

ಮೊದಲ ದಿನವನ್ನು ನಡಿಗೆಗೆ ಮೀಸಲಿಡಿ. ಸಿಎಸ್‌ಎಂಟಿಯನ್ನು ಒಳಗಿನಿಂದಲ್ಲ, ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದರೆ ಮಾತ್ರ ಅದರ ಗೋಪುರ, ಅದರ ಮೇಲಿನ ಪ್ರಗತಿಯ ಸ್ತ್ರೀಮೂರ್ತಿ, ಗೇಟಿನ ಎರಡು ಕಂಬಗಳ ಮೇಲೆ ಕುಳಿತ ಸಿಂಹ ಮತ್ತು ಹುಲಿ ಕಾಣುತ್ತವೆ. 1878ರಲ್ಲಿ ನಿರ್ಮಾಣ ಆರಂಭವಾದ ಈ ಕಟ್ಟಡ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಂದ ಹುತಾತ್ಮಾ ಚೌಕ್, ಮುಂದೆ ಹೈಕೋರ್ಟು, ರಾಜಾಬಾಯಿ ಗೋಪುರ, ಓವಲ್ ಮೈದಾನ. ಮೈದಾನದ ನಡುವೆ ನಿಂತರೆ ಪೂರ್ವಕ್ಕೆ ಹತ್ತೊಂಬತ್ತನೇ ಶತಮಾನದ ಗೋಥಿಕ್ ಕಟ್ಟಡಗಳು, ಪಶ್ಚಿಮಕ್ಕೆ ಇಪ್ಪತ್ತನೇ ಶತಮಾನದ ಆರ್ಟ್ ಡೆಕೊ ಮನೆಗಳು; ಎರಡನ್ನೂ ಒಟ್ಟಾಗಿ 2018ರಲ್ಲಿ ವಿಶ್ವ ಪರಂಪರೆಯೆಂದು ಗುರುತಿಸಲಾಯಿತು. ನಮ್ಮ ಭಾಗದವರಿಗೆ ಈ ಮೈದಾನಕ್ಕೆ ಇನ್ನೊಂದು ಅರ್ಥವೂ ಇದೆ. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಇಂದಿನ ಗದಗ, ಹಾವೇರಿಗಳೂ ಆಗ ಅದರಲ್ಲಿಯೇ ಇದ್ದವು. ಹೊಲದ ವ್ಯಾಜ್ಯ ಹೈಕೋರ್ಟಿಗೆ ಹೋಯಿತೆಂದರೆ ನಮ್ಮ ಹಿರಿಯರು ಬರುತ್ತಿದ್ದದ್ದು ಈ ಕಲ್ಲಿನ ಕಟ್ಟಡಕ್ಕೇ. ಕರ್ನಾಟಕ ವಿಶ್ವವಿದ್ಯಾಲಯವೂ 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಆಮೇಲೆ ಧಾರವಾಡಕ್ಕೆ ಬಂದದ್ದು.

ಸಂಜೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತುಕೊಳ್ಳಿ. ಭರತ-ಇಳಿತದ ವೇಳೆಯನ್ನು ಫೋನಿನಲ್ಲಿ ನೋಡಿಕೊಳ್ಳುವ ಅಭ್ಯಾಸವನ್ನು ಈ ದಿನದಿಂದಲೇ ಮಾಡಿಕೊಳ್ಳಿ, ಒಳನಾಡಿನವರಾದ ನಮಗೆ ಅದು ಸಹಜವಾಗಿ ಬರುವುದಿಲ್ಲ. ದಿನಕ್ಕೆ ಎರಡು ಸಲ ಭರತ ಬರುತ್ತದೆ, ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹಾಜಿ ಅಲಿ ದರ್ಗಾಕ್ಕೆ ಹೋಗುವ ಕಾಲುದಾರಿ ದೊಡ್ಡ ಭರತದಲ್ಲಿ ನೀರಿನಡಿ ಹೋಗುವುದರಿಂದ ಇಳಿತದ ಹೊತ್ತನ್ನೇ ಹಿಡಿದು ಹೋಗಬೇಕು.

ಎರಡನೆಯ ದಿನ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪದ ಗುಹೆಗಳು. ಇಡೀ ಪ್ರವಾಸದಲ್ಲಿ ಒಂದನ್ನೇ ನೋಡಲು ಸಾಧ್ಯವೆಂದರೆ ನಾನು ಇದನ್ನೇ ಆರಿಸುತ್ತೇನೆ. ಸೋಮವಾರ ಗುಹೆಗಳು ಮುಚ್ಚಿರುತ್ತವೆ. ಗೇಟ್‌ವೇ ಆಫ್ ಇಂಡಿಯಾದಿಂದ ಬೆಳಿಗ್ಗೆ ಮೊದಲು ಹೊರಡುವ ದೋಣಿಯನ್ನೇ ಹತ್ತಿರಿ. ಸುಮಾರು ಒಂದು ಗಂಟೆಯ ಪಯಣ, ಲೈಫ್ ಜಾಕೆಟ್ ಕೊಟ್ಟರೆ ಹಾಕಿಕೊಳ್ಳಿ, ಕೊಡದಿದ್ದರೆ ಕೇಳಿ ಪಡೆಯಿರಿ. ದಂಡೆಯಿಂದ ಮೆಟ್ಟಿಲು ಹತ್ತುವಾಗ ಬುತ್ತಿಯನ್ನು ಚೀಲದ ತಳಕ್ಕೆ ಹಾಕಿ, ಏಕೆಂದರೆ ಮಂಗಗಳು ಕೈಯಲ್ಲಿರುವುದನ್ನು ಕಸಿದುಕೊಳ್ಳುತ್ತವೆ. ಮುಖ್ಯ ಗುಹೆಯನ್ನು ಹೊಕ್ಕವರು ನೇರವಾಗಿ ದಕ್ಷಿಣ ಗೋಡೆಯ ಮೂರು ಮುಖದ ಸದಾಶಿವನ ಮುಂದೆ ಹೋಗಿ ನಿಲ್ಲುತ್ತಾರೆ, ಚಿತ್ರ ತೆಗೆದು ಹೊರಟುಬಿಡುತ್ತಾರೆ. ನೀವು ಮೊದಲು ಸುತ್ತಲಿನ ಫಲಕಗಳನ್ನು ನೋಡಿ, ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಅಲ್ಲಿಗೆ ಬನ್ನಿ. ನಡುವಿನ ಮುಖ ಕಣ್ಣು ಮುಚ್ಚಿ ಶಾಂತವಾಗಿದೆ. ನಿಮ್ಮ ಎಡಕ್ಕಿರುವುದು ಮೀಸೆ ಹೊತ್ತ ಉಗ್ರ ಮುಖ, ಕೈಯಲ್ಲಿ ಹಾವು. ಬಲಕ್ಕಿರುವುದು ಹೆಣ್ಣಿನ ಕಳೆಯ ಮೃದು ಮುಖ, ಕೈಯಲ್ಲಿ ತಾವರೆ. ತುಸು ಎಡಕ್ಕೂ ತುಸು ಬಲಕ್ಕೂ ಸರಿದು ನಿಂತು ನೋಡಿದರೆ ಬೆಳಕು ಬೀಳುವ ಬಗೆ ಬದಲಾಗಿ, ಮುಖಗಳು ಒಂದೊಂದಾಗಿ ಕಲ್ಲಿನಿಂದ ಹೊರಗೆ ಬರುತ್ತವೆ. ಬಾದಾಮಿಯ ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ಕಂಡವರು ಇಲ್ಲಿಯ ನಟರಾಜನ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು, ಅಂಗಾಂಗ ಒಡೆದಿದ್ದರೂ ನಡುವಿನ ಬಾಗು ಹಾಗೆಯೇ ಉಳಿದಿದೆ. ಐಹೊಳೆಯ ಮೇಗುಟಿಯ ಶಾಸನದಲ್ಲಿ, 634ರಲ್ಲಿ, ಕವಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಲಕ್ಷ್ಮಿಯಾದ ಪುರಿಯನ್ನು ಮದಗಜಗಳಂಥ ನೂರಾರು ಹಡಗುಗಳಿಂದ ಮುತ್ತಿದನೆಂದು ಹೇಳುತ್ತಾನೆ. ಆ ಪುರಿ ಇದೇ ದ್ವೀಪವೆಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ. ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರು ತಂದ ಕಲ್ಲಾನೆ ಈಗ ಅಲ್ಲಿಲ್ಲ, ಬೈಕುಲಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಪಕ್ಕದಲ್ಲಿದೆ. ಬುಧವಾರ ಆ ಸಂಗ್ರಹಾಲಯಕ್ಕೆ ರಜೆ.

ಮೂರನೆಯ ದಿನ ಉತ್ತರಕ್ಕೆ, ಬೋರಿವಲಿಗೆ. ಚರ್ಚ್‌ಗೇಟಿನಿಂದ ಬೆಳಿಗ್ಗೆ ಫಾಸ್ಟ್ ಲೋಕಲ್ ಹತ್ತಿದರೆ ಎದುರಿನಿಂದ ಬರುವ ರೈಲುಗಳು ಕಿಕ್ಕಿರಿದಿರುವಾಗ ನಿಮ್ಮದು ಹಗುರವಾಗಿರುತ್ತದೆ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗೆ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳ ಕಾನ್ಹೇರಿ ಇದೆ, ಗೇಟಿನಿಂದ ಗುಹೆಗಳಿಗೆ ಉದ್ಯಾನದ ಬಸ್ಸು ಸಿಗುತ್ತದೆ. ಇಲ್ಲಿಯೂ ಸೋಮವಾರ ರಜೆ. ಶಿಲ್ಪಕ್ಕಿಂತ ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ನೀರಿನ ವ್ಯವಸ್ಥೆ: ಬಂಡೆಯ ಮೇಲೆ ಬಿದ್ದ ಮಳೆಯನ್ನು ಸಣ್ಣ ಕಾಲುವೆ ಕೊರೆದು ಗುಹೆಗಳ ಬಾಯಿಯ ಪಕ್ಕದ ತೊಟ್ಟಿಗಳಿಗೆ ಇಳಿಸಿದ್ದಾರೆ. ಲಕ್ಕುಂಡಿಯ ಮುಸುಕಿನ ಬಾವಿಯಲ್ಲಿ ಇಳಿದು ನೋಡಿದವರು ಒಂದೆರಡು ಕಾಲುವೆಗಳನ್ನಾದರೂ ಮೇಲಿನಿಂದ ತೊಟ್ಟಿಯವರೆಗೆ ಹಿಂಬಾಲಿಸಿ ನೋಡಬೇಕು. ರಾಷ್ಟ್ರಕೂಟರ ಸಾಮಂತರಾಗಿದ್ದ ಶಿಲಾಹಾರರ ಒಂಬತ್ತನೇ ಶತಮಾನದ ಇಲ್ಲಿನ ಶಾಸನಗಳಲ್ಲಿ ನೃಪತುಂಗ ಅಮೋಘವರ್ಷನ ಹೆಸರಿದೆ. ಮೂರು ಗಂಟೆಯೊಳಗೆ ಇಳಿದುಬಂದರೆ ಸಂಜೆಯ ಗದ್ದಲ ಕಟ್ಟಿಕೊಳ್ಳುವ ಮೊದಲೇ ಕೋಣೆ ಸೇರಬಹುದು.

ಕೊನೆಯ ದಿನ ಕೋಣೆ ಬಿಟ್ಟು, ಚೀಲಗಳನ್ನು ಕ್ಲೋಕ್ ರೂಮಿಗೆ ಹಾಕಿ, ಮಾಟುಂಗಾಕ್ಕೆ ಹೋಗಿ. ಈ ಬಡಾವಣೆಗೆ ಮೂರು ನಿಲ್ದಾಣಗಳು: ಮಧ್ಯ ಮಾರ್ಗದಲ್ಲಿ ಮಾಟುಂಗಾ, ಪಶ್ಚಿಮದಲ್ಲಿ ಮಾಟುಂಗಾ ರೋಡ್, ಹಾರ್ಬರಿನಲ್ಲಿ ಕಿಂಗ್ಸ್ ಸರ್ಕಲ್. ಮಧ್ಯ ಮಾರ್ಗದ ನಿಲ್ದಾಣದ ಹತ್ತಿರ, 1942ರಿಂದ ನಡೆಯುತ್ತಿರುವ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆ ಎಲೆಯ ಊಟ ಸಿಗುತ್ತದೆ, ಬೀದಿಯಲ್ಲಿ ಕನ್ನಡವೂ ತುಳುವೂ ಕಿವಿಗೆ ಬೀಳುತ್ತವೆ. ಮೈಸೂರು ಅಸೋಸಿಯೇಷನ್ ಇರುವುದೂ ಇಲ್ಲಿಯೇ. ಅಂದು ನಾಟಕವೋ ಸಂಗೀತವೋ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಒಂದು ಮಾತು ನೆನಪಿರಲಿ, ಮಾಹಿಮ್ ಮತ್ತು ಸಾಯನ್‌ನಿಂದ ದಕ್ಷಿಣಕ್ಕೆ ಆಟೋ ಓಡುವುದಿಲ್ಲ, ಇಲ್ಲೆಲ್ಲ ಬೆಸ್ಟ್ ಎಂಬ ನಗರ ಸಾರಿಗೆಯ ಬಸ್ಸು ಅಥವಾ ಮೀಟರಿನ ಕಾಳಿ-ಪೀಲಿ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿ.

ಮರಳುವ ರೈಲು ದಾದರ್‌ನಿಂದ ರಾತ್ರಿ ಹೊರಡುವುದಾದರೆ ಸಂಜೆ ಐದರೊಳಗೇ ಚೀಲಗಳನ್ನು ಬಿಡಿಸಿಕೊಂಡು ದಾದರ್ ತಲುಪಿರಿ, ಏಕೆಂದರೆ ಉತ್ತರಕ್ಕೆ ಹೊರಡುವ ಜನರ ನಡುವೆ ತುಂಬಿದ ಚೀಲ ಹೊತ್ತು ಲೋಕಲ್ ಹತ್ತುವುದು ಕಷ್ಟ. ಉಳಿದ ಹೊತ್ತಿಗೆ ನಿಲ್ದಾಣದ ಪಶ್ಚಿಮ ಬದಿಯ ಹೂವಿನ ಮಾರುಕಟ್ಟೆಯಿದೆ, ಒಬ್ಬರು ಚೀಲ ಕಾಯುತ್ತ ಕುಳಿತು ಒಬ್ಬರು ಸುತ್ತಾಡಿ ಬರಬಹುದು. ನಮ್ಮ ಕಡೆಯ ರೈಲು ನಿಲ್ಲುವುದು ಮಧ್ಯ ಮಾರ್ಗದ ಬದಿಯಲ್ಲಿ, ಆದ್ದರಿಂದ 8ರ ಆಚೆಯ ಪ್ಲಾಟ್‌ಫಾರಂಗಳ ಕಡೆಗೆ ಅರ್ಧ ಗಂಟೆ ಮೊದಲೇ ದಾಟಿಕೊಂಡು, ಡಬ್ಬಿಯ ಸಂಖ್ಯೆ ತೋರಿಸುವ ಫಲಕದ ಕೆಳಗೆ ನಿಂತುಕೊಳ್ಳಿ.